ಗೋಡೆಯ ಎರಡೂ ಬದಿಯ ನಲ್ಲಿಗಳು

ವೇಲಾಸಣ, ವಟ್ವಾ ರಸ್ತೆ
16 ನವೆಂಬರ್ 2024

ಪ್ರೀತಿಯ ಮನು,

ಫೋನಿನಲ್ಲಿ ನೀನು ಏನು ಹೇಳಿದೆಯೋ ನನಗೆ ಒಂದಕ್ಷರ ತಿಳಿಯಲಿಲ್ಲ. ಫೋನ್ ಹತ್ತಿರ ತಂದರೆ ಕಿವಿಯ ಯಂತ್ರ ಶಿಳ್ಳೆ ಹೊಡೆಯುತ್ತದೆ, ದೂರ ಹಿಡಿದರೆ ನಿನ್ನ ಸ್ವರ ಬರುವುದಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡಲು ಕೂತರೆ ಒಂದು ಸಾಲು ಮುಗಿಯುವಷ್ಟರಲ್ಲಿ ಕಾವಲಿಯ ಮೇಲೆ ದೋಸೆ ಕರಟಿರುತ್ತದೆ. ನಿನ್ನ ಅಮ್ಮ ಬೆನ್ನುಬಿದ್ದು ಕಾರ್ಕಳದ ಅಜ್ಜಿಗೆ ನಿನ್ನಿಂದ ಪತ್ರ ಬರೆಸುತ್ತಿದ್ದದ್ದು ಈಗ ನನ್ನ ಉಪಕಾರಕ್ಕೆ ಬಂತು. ಇನ್ನು ಮೇಲೆ ಕಾಗದದಲ್ಲೇ ಮಾತಾಡೋಣ.

ಪಾರ್ಸೆಲಿನಲ್ಲಿ ಚಟ್ನಿಪುಡಿ, ಕಾಫಿಪುಡಿ ಇದೆ. ಜೊತೆಗೆ ಒಂದು ಕ್ಯಾನ್ ನೀರೂ ಇದೆ, ನಗಬೇಡ. ಫತೇಗಂಜಿನ ಹಾಸ್ಟೆಲಿನಲ್ಲಿ ಎಷ್ಟು ಪುಡಿ ಹಾಕಿದರೂ ಕಾಫಿ ಕಾಫಿಯಂತೆ ಆಗುವುದಿಲ್ಲ ಎಂದು ಮೊಬೈಲಿಗೆ ಬರೆದಿದ್ದೆ. ಅದು ಪುಡಿಯ ತಪ್ಪಲ್ಲ, ನೀರಿನ ತಪ್ಪು. ಸೂರತ್ತಿನಲ್ಲಿ ಮಾವನ ಹೋಟೆಲಿನಲ್ಲಿ ಲೋಟ ತೊಳೆಯುವಾಗಿನಿಂದ ನನಗೆ ಗೊತ್ತಿರುವ ವಿದ್ಯೆ ಇದೊಂದೇ. ಪಾರ್ಸೆಲ್ ಕೌಂಟರಿನವನು "ವಡೋದರಾದಲ್ಲಿ ನೀರು ಮುಗಿದಿದೆಯೇ ಅಣ್ಣಾ?" ಎಂದು ಕೇಳಿದ. ನಮ್ಮ ಬೋರಿನ ನೀರು ಕುಡಿದಿದ್ದರೆ ಕೇಳುತ್ತಿರಲಿಲ್ಲ.

ಮುಂದಿನ ತಿಂಗಳಿಗೆ ಅಮ್ಮನ ಪರಬ್‌ಗೆ ಮೂರು ವರ್ಷ ತುಂಬುತ್ತದೆ. ಇಲ್ಲಿಯವರು ತೀರಿಹೋದವರ ಹೆಸರಿನಲ್ಲಿ ದಾರಿಯ ಮೇಲೆ ನಮ್ಮ ಅರವಟ್ಟಿಗೆಯಂತೆ ನೀರಿಡುವುದನ್ನು ಕಂಡೇ ನಾನೂ ಇಟ್ಟದ್ದು. ನೀನು ಅದನ್ನು ಇವತ್ತಿಗೂ ನೋಡಿಲ್ಲ. ಅಮ್ಮ ಹೋದ ಮೇಲೆ ನೀನು ಈ ಕಡೆ ತಲೆ ಹಾಕಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಅದಕ್ಕೆ ಬರೆದು ತೋರಿಸುತ್ತೇನೆ. ನಮ್ಮ ಹೋಟೆಲಿನ ಹಿಂದೆ ಎರಡು ಶಾಲೆಗಳಿರುವುದು ನಿನಗೆ ನೆನಪಿರಬೇಕು. ನಡುವಿನ ಗೋಡೆಯೇ ಗಡಿ. ಈಚೆಯದು ವೇಲಾಸಣ ನಗರಪಾಲಿಕೆಯ ಶಾಲೆ, ಆಚೆಯದು ರಾಯಣಪುರಾ ಪಂಚಾಯಿತಿಯದು. ಎರಡರಲ್ಲೂ ನೀರಿರಲಿಲ್ಲ. ಕೊಳವೆ ಯಾರು ಹಾಕಬೇಕು ಎಂದು ಎರಡು ಆಫೀಸುಗಳೂ ವರ್ಷಗಟ್ಟಲೆ ಜಗಳವಾಡಿದವು. ನಾನು ಗೋಡೆಯ ಮೇಲೆ ಟ್ಯಾಂಕಿ ಇಟ್ಟು, ನಮ್ಮ ಬೋರಿನಿಂದ ಪೈಪು ಎಳೆದು, ಗೋಡೆಯ ಎರಡೂ ಬದಿಗೆ ನಲ್ಲಿ ಕೂಡಿಸಿದೆ. ಉದ್ಘಾಟನೆಗೆ ನಗರಪಾಲಿಕೆಯ ಚೀಫ್ ಆಫೀಸರ್ ಈ ಬದಿಯಲ್ಲಿ ರಿಬ್ಬನ್ ಕತ್ತರಿಸಿದರು, ಪಂಚಾಯಿತಿಯ ಸರಪಂಚರು ಆ ಬದಿಯಲ್ಲಿ. ಗಂಟಲು ಒಣಗಿ ಬಂದವರಿಗೆ ಮೊದಲು ಒಂದು ಲೋಟ ನೀರು, ಆಮೇಲೆ ಏನು ಬೇಕು ಎಂದು ಕೇಳುವುದು ನಮ್ಮ ಹೋಟೆಲಿನವರ ಕ್ರಮ. ಅಮ್ಮನ ಹೆಸರಿಗೆ ಅದಕ್ಕಿಂತ ಒಳ್ಳೆಯದು ನನಗೆ ಹೊಳೆಯಲಿಲ್ಲ.

ಕಾಫಿ ಮಾಡಿ ಕುಡಿದು ಬರೆ.

ನಿನ್ನ ಪತ್ರದ ದಾರಿ ನೋಡುವ,
ಅಪ್ಪ


ಫತೇಗಂಜ್, ವಡೋದರಾ
29 ನವೆಂಬರ್ 2024

ಅಪ್ಪನಿಗೆ,

ಕಾಫಿ ಮಾಡಿದೆ. ಅಮ್ಮನ ಕೈಯ ಕಾಫಿಯೇ. ಲೋಟ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ.

ಈಗ ಬರೆಯುವುದನ್ನು ಸಮಾಧಾನದಿಂದ ಓದಿ. ನಮಗೆ ಲ್ಯಾಬಿನಲ್ಲಿ ನೀರಿನ ಪರೀಕ್ಷೆ ಕಲಿಸುತ್ತಿದ್ದಾರೆ. ಎಲ್ಲರೂ ಒಂದೊಂದು ಕಡೆಯ ನೀರು ತರಬೇಕಿತ್ತು. ಬೇರೆಯವರು ಹಾಸ್ಟೆಲಿನ ನಲ್ಲಿಯದು ತಂದರು. ನಾನು ಜಂಬಕ್ಕೆ ನಿಮ್ಮ ಕ್ಯಾನಿನ ನೀರು ಒಯ್ದೆ. ಅದರಲ್ಲಿ ಕ್ರೋಮಿಯಂ ಇದೆ, ಅಪ್ಪ. ಬಣ್ಣದ ಕಾರ್ಖಾನೆಯವರು ಬಳಸಿ ಚೆಲ್ಲುವ ವಿಷ. ಕುಡಿಯುವ ನೀರಿನಲ್ಲಿ ಇರಬಹುದಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ನನ್ನ ಕೈತಪ್ಪೇನೋ ಎಂದು ಮತ್ತೊಮ್ಮೆ ಮಾಡಿದೆ. ಅಷ್ಟೇ ಬಂತು. ಮೇಡಂ "ಇದು ಎಲ್ಲಿಯ ನೀರು?" ಎಂದು ಕೇಳಿದರು. ಯಾವುದೋ ಕಾರ್ಖಾನೆಯ ಪಕ್ಕದ್ದು ಎಂದೆ. ನಮ್ಮ ಮನೆಯದು ಎನ್ನಲು ಬಾಯಿ ಬರಲಿಲ್ಲ.

ಗಾಜಿನ ಬಾಟಲಿಗಳಲ್ಲಿ ಹೊಸದಾಗಿ ನೀರು ಹಿಡಿದು ಕಳಿಸಿ. ಬೋರಿನದು ಒಂದು, ಪರಬ್‌ನದು ಒಂದು, ಕುದಿಸಿದ್ದು ಒಂದು. ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ. ನೀವೂ ಕುಡಿಯಬೇಡಿ.

ಮನಸ್ವಿನಿ


ವೇಲಾಸಣ
5 ಡಿಸೆಂಬರ್ 2024

ಪ್ರೀತಿಯ ಮನು,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ. ಅಡುಗೆಮನೆಗೆ ಹೋಗಿ ರಾಘವನಿಗೆ ಓದಿ ಹೇಳಿದೆ. ಅವನು ಸಾಂಬಾರಿನ ಸೌಟು ಕೆಳಗಿಟ್ಟು, "ಎಂತ ಹೇಳುದು ಭರತೇಶಣ್ಣ, ಬಣ್ಣ ಇಲ್ಲ, ವಾಸನೆ ಇಲ್ಲ. ಇಷ್ಟು ವರ್ಷ ನಾವೇ ಕುಡ್ದದ್ದಲ್ವಾ? ಮಗು ಎಲ್ಲಿಯೋ ಲೆಕ್ಕ ತಪ್ಪಿರ್ಬೇಕು" ಎಂದ. ನನಗೂ ಹಾಗೆಯೇ ಅನ್ನಿಸಿತು. ನಮ್ಮ ಮನೆತನದಲ್ಲಿ ಸೋಸದ ನೀರನ್ನು ಬಾಯಿಗೆ ಇಟ್ಟವರಿಲ್ಲ. ಪರಬ್‌ನ ನಲ್ಲಿಗಳಿಗೆಲ್ಲ ನಾನೇ ಎರಡು ಮಡಿಕೆಯ ಬಿಳಿ ಬಟ್ಟೆ ಕಟ್ಟುತ್ತೇನೆ, ದಿನವೂ ಬದಲಾಯಿಸುತ್ತೇನೆ. ಬಿಚ್ಚಿದಾಗ ಬಟ್ಟೆ ಕಟ್ಟಿದಷ್ಟೇ ಬೆಳ್ಳಗಿರುತ್ತದೆ. ಇಲ್ಲಿಯ ಜೈನ ಮುದುಕಿಯರು ಬಸದಿಗೆ ಹೋಗುವಾಗ ನಿಂತು ಅದನ್ನು ನೋಡಿ, ಕರ್ನಾಟಕದಲ್ಲೂ ನಮ್ಮಂಥವರೇ ಇದ್ದಾರೆ ಎಂದು ಮೆಚ್ಚಿ ಹೋಗುತ್ತಾರೆ.

ಆದರೂ ನೀನು ಹೇಳಿದಂತೆ ಮೂರು ಬಾಟಲಿ ಕಳಿಸಿದ್ದೇನೆ. ನಿನ್ನದೇ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಮಗಳ ಓದಿನಲ್ಲಿ ತಪ್ಪಿರಲಿ ಎಂದು ಬೇಡಿಕೊಳ್ಳುವ ಅಪ್ಪ ಇನ್ನೊಬ್ಬ ಇರಲಾರ.

ಒಂದು ಮಾತು ಕೇಳಬೇಕು. ನಿನ್ನದು ಸರಿ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಈ ನೀರು ಯಾವಾಗಿನಿಂದ ಹೀಗಿರಬಹುದು? ಈ ಬೋರು ಕೊರೆಸಿದ್ದು ನೀನು ಹೈಸ್ಕೂಲಿನಲ್ಲಿದ್ದಾಗ. ಮೊದಲ ನೀರು ಚಿಮ್ಮಿದಾಗ ಅಮ್ಮ ಅರಸಿನ ಕುಂಕುಮ ಹಾಕಿ, ಬೊಗಸೆಯಲ್ಲಿ ಹಿಡಿದು ಕುಡಿದಳು. ಕಾರ್ಕಳದ ಬಾವಿಯ ನೀರಿನ ಹಾಗೇ ಇದೆ ಎಂದಳು.

ಉತ್ತರ ಬೇಗ ಬರೆ.

ಅಪ್ಪ


ಫತೇಗಂಜ್
20 ಡಿಸೆಂಬರ್ 2024

ಅಪ್ಪನಿಗೆ,

ಮೂರರಲ್ಲೂ ಇದೆ. ಮೇಡಂ ಎದುರಿಗೇ ಮಾಡಿದೆ, ಅವರೂ ನೋಡಿದರು.

ಬಟ್ಟೆ ಹುಳುಹುಪ್ಪಟೆ ಹಿಡಿಯುತ್ತದೆ, ಕಸ ಹಿಡಿಯುತ್ತದೆ. ಇದನ್ನು ಹಿಡಿಯುವುದಿಲ್ಲ. ನೀರಿನಲ್ಲಿ ಉಪ್ಪು ಕರಗಿದಂತೆ ಇದು ಕರಗಿರುತ್ತದೆ. ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ವಿಷ ಉಳಿದುಕೊಳ್ಳುತ್ತದೆ, ಇನ್ನೂ ಗಟ್ಟಿಯಾಗುತ್ತದೆ. ರಾಘವಣ್ಣನಿಗೆ ಹೇಳಿ, ನನ್ನ ಲೆಕ್ಕ ತಪ್ಪಿಲ್ಲ.

ಇದನ್ನು ಆಫೀಸುಗಳಿಗೆ ತೋರಿಸಬಹುದೇ ಎಂದು ಮೇಡಂರನ್ನು ಕೇಳಿದೆ. ಇದು ವಿದ್ಯಾರ್ಥಿಯ ಅಭ್ಯಾಸ, ಇದಕ್ಕೆ ಸಹಿ ಹಾಕಲು ಬರುವುದಿಲ್ಲ ಎಂದರು. ಎರಡು ಆಡಳಿತಗಳಲ್ಲಿ ಯಾವುದಾದರೂ ಒಂದು ಬರೆದು ಕೇಳಿಕೊಂಡರೆ ದೊಡ್ಡ ಲ್ಯಾಬಿನವರು ಬಂದು ನೀರು ತೆಗೆದುಕೊಂಡು ಹೋಗುತ್ತಾರಂತೆ. ಯಾರಾದರೂ ಒಬ್ಬರು ಕೇಳಬೇಕು, ಅಷ್ಟೇ.

ಪರಬ್ ಮುಚ್ಚಿಬಿಡಿ. ಇವತ್ತೇ.

ಮನಸ್ವಿನಿ


ವೇಲಾಸಣ
8 ಜನವರಿ 2025

ಪ್ರೀತಿಯ ಮನು,

ನಿನ್ನ ಪತ್ರ ಬಂದ ಮರುದಿನದಿಂದ ಹೋಟೆಲಿಗೆ ಹೊರಗಿನ ನೀರು ತರಿಸುತ್ತಿದ್ದೇನೆ. ಅಕ್ಕಿ ನೆನೆಸುವುದಕ್ಕೂ ಕ್ಯಾನಿನ ನೀರೇ. ಶಾಲೆಗಳಿಗೂ ಒಂದು ವಾರ ಕ್ಯಾನ್ ಇಟ್ಟೆ. ಎರಡು ಶಾಲೆಯ ಮಕ್ಕಳೆಂದರೆ ಸಂತೆ, ಮೊದಲ ಬಿಡುವಿಗೇ ಖಾಲಿ. ಪೂರೈಸಲು ಆಗಲಿಲ್ಲ. ಹಾಗಾಗಿ ಪರಬ್ ಇನ್ನೂ ನಡೆಯುತ್ತಿದೆ. ಬೈಯುವ ಮೊದಲು ಪೂರ್ತಿ ಓದು.

ಮುಚ್ಚಿದರೆ ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಗೊತ್ತೇ? ಮೋರಿಯ ಪಕ್ಕ ಒಂದು ಹಳೆಯ ಕೈಪಂಪಿದೆ. ಅದರ ನೀರು ಬೀಟ್‌ರೂಟ್ ತೊಳೆದಂತೆ ಕೆಂಪಗೆ ಬರುತ್ತದೆ. ಅದಕ್ಕಿಂತ ಇದು ವಾಸಿಯೋ ಅಲ್ಲವೋ ಎಂದು ನಿತ್ಯ ಬೆಳಗಾದರೆ ನನ್ನನ್ನೇ ಕೇಳಿಕೊಳ್ಳುತ್ತೇನೆ. ಆಮೇಲೆ ನಲ್ಲಿ ತಿರುಗಿಸುತ್ತೇನೆ.

ನಗರಪಾಲಿಕೆಗೆ ಹೋದೆ. ಚೀಫ್ ಆಫೀಸರ್ ಚಹಾ ತರಿಸಿದರು. "ಅಣ್ಣಾ, ನಿಮ್ಮ ಹೋಟೆಲು ನಮ್ಮ ಹದ್ದಿನಲ್ಲಿದೆ, ಆದರೆ ಬೋರು ಕೊರೆದ ಜಾಗ ರಾಯಣಪುರಾಕ್ಕೆ ಸೇರಿದ್ದು. ನೆಲದಡಿಯ ನೀರು ಅವರದು" ಎಂದರು. ಪಂಚಾಯಿತಿಗೆ ಹೋದೆ. ಸರಪಂಚರು, "ಬೋರು ನಮ್ಮಲ್ಲಿರಬಹುದು, ಪೈಪು ಹೊರಡುವುದು ನಗರಪಾಲಿಕೆಯ ಕಟ್ಟಡದಿಂದ. ವಿಷ ಬರುವುದೂ ಅವರ ಕಡೆಯ ಕಾರ್ಖಾನೆಗಳಿಂದ" ಎಂದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಕೊಳವೆ ಹಾಕುವ ಯೋಜನೆಯಿಂದ ಈ ಎರಡು ಶಾಲೆಗಳನ್ನು ಇಬ್ಬರೂ ಕೈಬಿಟ್ಟಿದ್ದಾರೆ, ಮೂರು ವರ್ಷದ ಹಿಂದೆಯೇ. ಏಕೆ ಎಂದು ಕೇಳಿದ್ದಕ್ಕೆ ಚೀಫ್ ಆಫೀಸರ್ ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀವು ನೀರು ಕೊಡುತ್ತಿದ್ದೀರಲ್ಲ ಅಣ್ಣಾ" ಎಂದರು.

ಮನು, ಅಲ್ಲಿಂದ ಎದ್ದು ಹೇಗೆ ಮನೆಗೆ ಬಂದೆನೋ ತಿಳಿಯದು. ನಾನು ಪುಣ್ಯ ಎಂದುಕೊಂಡು ನಲ್ಲಿ ಕೂಡಿಸದೆ ಇದ್ದಿದ್ದರೆ ಆ ಮಕ್ಕಳಿಗೆ ಇಷ್ಟರೊಳಗೆ ಕೊಳವೆಯಲ್ಲಿ ನದಿಯ ನೀರು ಬಂದಿರುತ್ತಿತ್ತು.

ಸುಮ್ಮನೆ ಕೂರಲಾಗದೆ ಎರಡೂ ಶಾಲೆಯ ಮುಖ್ಯಸ್ಥರನ್ನು ಹೋಟೆಲಿಗೆ ಕರೆದೆ. ಈಚೆಯ ಶಾಲೆಗೆ ಹಂಸಾಬೆನ್, ಆಚೆಯದಕ್ಕೆ ದಿನುಭಾಯಿ. ಒಂದೇ ಗೋಡೆಯ ಎರಡು ಬದಿಯಲ್ಲಿ ಇಷ್ಟು ಕಾಲ ಕೆಲಸ ಮಾಡಿದ್ದಾರೆ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹಂಸಾಬೆನ್ ನಮ್ಮ ಮಕ್ಕಳಿಗೆ ಹೊಟ್ಟೆನೋವು ಎಂದರು. ದಿನುಭಾಯಿ ನಮ್ಮಲ್ಲೂ ಎಂದರು. ಕೈಮೇಲೆ ಕೆಂಪು ಗಾಯ ಎಂದರು ಇವರು. ಅವರು ತಲೆಯಾಡಿಸಿದರು.

ಅವರಿಬ್ಬರೂ ಸೇರಿ ಒತ್ತಾಯ ಮಾಡಿ ಚೀಫ್ ಆಫೀಸರನ್ನೂ ಸರಪಂಚರನ್ನೂ ಒಂದೇ ಮೇಜಿಗೆ ತಂದರು, ನಮ್ಮ ಹೋಟೆಲಿಗೇ. ಮಸಾಲೆ ದೋಸೆ ಆಯಿತು, ಸರಪಂಚರಿಗೆ ಎರಡು ಸಲ ಸಾಂಬಾರು ಆಯಿತು. ಮಕ್ಕಳ ವಿಷಯದಲ್ಲಿ ರಾಜಕೀಯ ಸಲ್ಲದು ಎಂದು ಇಬ್ಬರೂ ಒಪ್ಪಿದರು. ನೀರು ಪರೀಕ್ಷೆಗೆ ಬರೆಯುತ್ತೀರಾ ಎಂದು ಕೇಳಿದೆ. "ಮೊದಲು ಅವರು ಬರೆಯಲಿ" ಎಂದರು ಇವರು. "ಮೊದಲು ಇವರು ಬರೆಯಲಿ" ಎಂದರು ಅವರು. ಮೊದಲು ಬರೆದವರದ್ದೇ ಹೊಣೆ ಎಂದಾಗುತ್ತದಂತೆ. ಕೈ ತೊಳೆದು, ಸೋಂಪು ತಿಂದು ಹೋದರು.

ನೀನು ನನ್ನ ಪತ್ರದ ಎಲ್ಲ ಮಾತಿಗೂ ಉತ್ತರ ಬರೆದೆ, ಒಂದಕ್ಕೆ ಬಿಟ್ಟು. ನಾನು ಕೇಳಿದ್ದು ಅಮ್ಮನ ವಿಷಯ.

ಅಪ್ಪ


ಫತೇಗಂಜ್
15 ಜನವರಿ 2025

ಅಪ್ಪ,

ದೋಸೆ ತಿನ್ನಲು ಬರುವವರಿಗೆ ಕ್ಯಾನಿನ ನೀರು, ಶಾಲೆಯ ಮಕ್ಕಳಿಗೆ ಬೋರಿನ ನೀರು. ನೀವು ಬರೆದದ್ದನ್ನು ನೀವೇ ಒಮ್ಮೆ ಓದಿ ನೋಡಿ.

ಕೈಪಂಪಿನದು ಕೆಂಪಗಿದೆ, ಮಕ್ಕಳು ಕಂಡು ಹೆದರಿಯಾರು, ಕುಡಿಯದೆ ಮನೆಗೆ ಓಡಿಯಾರು. ನಿಮ್ಮದು ತಿಳಿಯಾಗಿದೆ, ತಣ್ಣಗಿದೆ, ಬಿಳಿ ಬಟ್ಟೆ ಬೇರೆ ಕಟ್ಟಿದ್ದೀರಿ. ಅದರ ಮೇಲೆ ಅಮ್ಮನ ಹೆಸರು. ಅದನ್ನು ಯಾರು ಅನುಮಾನಿಸುತ್ತಾರೆ?

ಅದು ಮುಚ್ಚುವವರೆಗೆ ನಾನು ಬರುವುದಿಲ್ಲ, ಬರೆಯುವುದೂ ಇಲ್ಲ.

ಮನಸ್ವಿನಿ


ವೇಲಾಸಣ
27 ಜನವರಿ 2025

ಪ್ರೀತಿಯ ಮನು,

ಮುಚ್ಚಿದೆ.

ಪೈಪು ಕಡಿಸಿ, ಟ್ಯಾಂಕಿ ಇಳಿಸಿ, ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬಿಡುವಿನ ಗಂಟೆ ಹೊಡೆಯಿತು. ಎರಡೂ ಬದಿಯಿಂದ ಮಕ್ಕಳು ಓಡಿ ಬಂದವು. ನೀರಿಲ್ಲ ಎಂದೆ. ನಾಳೆ ಬರುತ್ತದಾ ದಾದಾ ಎಂದು ಒಂದು ಹುಡುಗಿ ಕೇಳಿತು. ಇಲ್ಲ ಎಂದೆ. ಇಷ್ಟು ವರ್ಷದ ಹೋಟೆಲಿನ ಬಾಳಿನಲ್ಲಿ ಯಾರಿಗೂ ನೀರಿಲ್ಲ ಎಂದು ಹೇಳಿದವನಲ್ಲ ನಾನು.

ಸಂಜೆ ತಾಯಂದಿರು ಬಂದರು. ನನ್ನ ಕಿವಿಗೆ ಪೂರ್ತಿ ಕೇಳಿಸದಿದ್ದದ್ದು ಒಳ್ಳೆಯದಾಯಿತು, ಕೇಳಿಸಿದಷ್ಟೇ ಸಾಕಾಗಿತ್ತು. ಹೆಂಡತಿಯ ಹೆಸರಿನಲ್ಲಿ ಇಟ್ಟ ನೀರನ್ನು ಕಿತ್ತುಕೊಂಡೆಯಲ್ಲ, ಇದಕ್ಕಿಂತ ಪಾಪ ಇದೆಯೇ ಎಂದರು. ವಿಷ ಎಂದರೆ ನಂಬುವುದಿಲ್ಲ. ಮೂರು ವರ್ಷ ಕೊಟ್ಟೆಯಲ್ಲ, ಆಗ ವಿಷ ಇರಲಿಲ್ಲವೇ ಎಂದು ಕೇಳುತ್ತಾರೆ. ಅದಕ್ಕೆ ನಾನೇನು ಹೇಳಲಿ? ಮಕ್ಕಳು ಓಡಿಯಾರು ಎಂದು ನೀನು ಬರೆದೆ. ಓಡಲಿಲ್ಲ, ಮನು. ಬಾಯಾರಿದ ಮಗುವಿಗೆ ಬಣ್ಣ ಕಾಣುವುದಿಲ್ಲ. ಮೂರನೆಯ ದಿನ ಕೈಪಂಪಿನ ಮುಂದೆ ಸಾಲು ನಿಂತಿತ್ತು.

ಆವತ್ತೇ ಹಂಸಾಬೆನ್ ಮತ್ತು ದಿನುಭಾಯಿ ಸೇರಿ ಒಂದು ಕೆಲಸ ಮಾಡಿದರು. ನೀರಿಲ್ಲದೆ ಶಾಲೆ ನಡೆಸಲಾರೆವು ಎಂದು ಒಂದೇ ಕಾಗದಕ್ಕೆ ಇಬ್ಬರೂ ಸಹಿ ಹಾಕಿ, ಎರಡೂ ಆಫೀಸುಗಳಿಗೆ ಕೊಟ್ಟು, ಎರಡೂ ಶಾಲೆಗೆ ಬೀಗ ಹಾಕಿದರು. ಬೀಗದ ಕೈಯನ್ನು ಅವರು ಇವರಿಗೆ, ಇವರು ಅವರಿಗೆ ಕೊಟ್ಟುಕೊಂಡಿದ್ದಾರೆ, ಒತ್ತಡ ಬಂದಾಗ ಒಬ್ಬರೇ ತೆರೆಯಬಾರದು ಎಂದು. ಹಂಸಾಬೆನ್‌ಗೆ ನಿವೃತ್ತಿಗೆ ಸ್ವಲ್ಪವೇ ಉಳಿದಿದೆ. ಅಮಾನತು ಮಾಡುತ್ತೇವೆ ಎಂದು ಮೇಲಿನವರು ಹೆದರಿಸಿದ್ದಾರಂತೆ. ಹೋಟೆಲಿಗೆ ಬಂದು ಕಾಫಿ ಕುಡಿಯುತ್ತ, "ಅಣ್ಣಾ, ಹೆದರಿಕೆ ಆಗುತ್ತದೆ" ಎಂದರು. ನನಗೂ ಆಗುತ್ತದೆ ಎಂದೆ. ಅಷ್ಟೇ ನಮ್ಮ ಮಾತು.

ಮಕ್ಕಳು ಬೀದಿಯಲ್ಲಿವೆ. ದೊಡ್ಡ ಹುಡುಗಿಯರನ್ನು ಕೆಲವರು ಆಗಲೇ ಬಟ್ಟೆ ಕಾರ್ಖಾನೆಗಳ ದಾರ ಕತ್ತರಿಸುವ ಕೆಲಸಕ್ಕೆ ಹಚ್ಚಿದ್ದಾರೆ. ಶಾಲೆ ತೆರೆದರೆ ವಿಷ, ಮುಚ್ಚಿದರೆ ಇದು. ನನ್ನ ತಲೆ ಓಡುತ್ತಿಲ್ಲ. ಈಗಲಾದರೂ ಬರೆ.

ಅಪ್ಪ


ಫತೇಗಂಜ್
6 ಫೆಬ್ರವರಿ 2025

ಪ್ರೀತಿಯ ಅಪ್ಪ,

ನಾನು ಒರಟಾಗಿ ಬರೆದೆ. ಇಲ್ಲಿ ಕೂತು ಮುಚ್ಚಿ ಎನ್ನುವುದು ಸುಲಭ. ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು ನೀವು.

ನಾನೂ ಸುಮ್ಮನೆ ಕೂತಿಲ್ಲ. ಅಹಮದಾಬಾದಿಗೆ ಹೋಗಿ, ಬೋಡಕ್‌ದೇವ್‌ನಲ್ಲಿರುವ ಒಂದು ಖಾಸಗಿ ಲ್ಯಾಬಿನಲ್ಲಿ ಕೇಳಿದೆ. ಅವರು ಪರೀಕ್ಷೆ ಮಾಡಿ ಕೊಡುತ್ತಾರೆ. ಆದರೆ ಆಡಳಿತದವರೇ ನಿಂತು ಹಿಡಿದ ನೀರಲ್ಲದಿದ್ದರೆ ಆ ವರದಿಯನ್ನು ಯಾವ ಆಫೀಸೂ ಒಪ್ಪುವುದಿಲ್ಲ ಎಂದು ಅವರೇ ಹೇಳಿದರು. ಬರುವಾಗ ನಾನು ವೇಲಾಸಣದ ಬಸ್ಸು ಹತ್ತಿ ಕೂತಿದ್ದೆ, ಅಪ್ಪ. ಹೊರಡುವ ಮೊದಲು ಇಳಿದುಬಿಟ್ಟೆ. ಮನೆಗೆ ಬಂದರೆ ನೀವು ಆ ಪ್ರಶ್ನೆಯನ್ನು ಎದುರಿಗೇ ಕೇಳುತ್ತೀರಿ ಎಂದು ಗೊತ್ತಿತ್ತು.

ಅದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಬರೆದು ಹರಿದೆ. ಅಮ್ಮನ ಮೂತ್ರಪಿಂಡ ಏಕೆ ಕೆಟ್ಟಿತು ಎಂದು ಆಸ್ಪತ್ರೆಯಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಆಗ ನಾವೂ ಕೇಳಲಿಲ್ಲ. ಈಗ ಪುಸ್ತಕಗಳಲ್ಲಿ ಹುಡುಕುತ್ತಿದ್ದೇನೆ. ಓದಿದಷ್ಟೂ ಮುಂದೆ ಓದಲು ಭಯವಾಗುತ್ತದೆ. ಇಷ್ಟರ ಮೇಲೆ ಈಗ ಬರೆಯಲಾರೆ.

ಊಟ ಬಿಡಬೇಡಿ. ರಾಘವಣ್ಣ ಬಡಿಸಿದಷ್ಟು ತಿನ್ನಿ.

ನಿಮ್ಮ
ಮನು


ವೇಲಾಸಣ
24 ಫೆಬ್ರವರಿ 2025

ಪ್ರೀತಿಯ ಮನು,

ಹೋದ ವಾರ ಸುದ್ದಿ ಬಂತು, ಎರಡೂ ಆಡಳಿತಗಳು ಒಂದಾದವು ಎಂದು. ಶಾಲೆಗಳು ಮುಚ್ಚಿರುವುದು ಪೇಪರಿನಲ್ಲಿ ಬಂದ ಮೇಲೆ ಮೇಲಿನಿಂದ ಬಿಸಿ ತಟ್ಟಿರಬೇಕು. ನಗರಪಾಲಿಕೆಯೂ ಪಂಚಾಯಿತಿಯೂ ಒಂದೇ ಆದೇಶಕ್ಕೆ ಸಹಿ ಹಾಕಿದ್ದಾರೆ, ಕೊಳವೆ ಬರುವವರೆಗೆ ಎರಡೂ ಶಾಲೆಗೆ ದಿನವೂ ಟ್ಯಾಂಕರಿನಲ್ಲಿ ನೀರು ಎಂದು ದಿನುಭಾಯಿ ಓಡುತ್ತ ಬಂದು ಹೇಳಿದರು. ಅವರ ಕಣ್ಣು ತುಂಬಿತ್ತು. ಹಂಸಾಬೆನ್ ಬೀಗದ ಕೈ ಬದಲಾಯಿಸಿಕೊಂಡರು. ರಾಘವ ಎರಡೂ ಶಾಲೆಯ ಮಕ್ಕಳಿಗೆ ಆಗುವಷ್ಟು ಶೀರಾ ಕಾಯಿಸಿದ. ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ಇವತ್ತು ಬೆಳಿಗ್ಗೆ ಶಾಲೆ ತೆರೆಯಿತು. ಮಕ್ಕಳು, ತಾಯಂದಿರು ಎಲ್ಲರೂ ನಮ್ಮ ಹೋಟೆಲಿನ ಅಂಗಳದವರೆಗೆ ತುಂಬಿದ್ದರು. ಟ್ಯಾಂಕರ್ ಬಂತು. ಶಾಲೆಯ ಕಡೆ ತಿರುಗದೆ ಹಿಂದೆ ಹಿಂದೆ ಬಂದು ನಮ್ಮ ಅಂಗಳದಲ್ಲೇ ನಿಂತಿತು. ಡ್ರೈವರ್ ಇಳಿದು ಪೈಪು ಬಿಚ್ಚುತ್ತ, "ಶೇಠ್, ಬೋರು ಎಲ್ಲಿ?" ಎಂದ. ಯಾವ ಬೋರು ಎಂದೆ. ಅವನು ಆದೇಶದ ಪ್ರತಿ ತೋರಿಸಿದ. ನೀರು ತುಂಬಿಸಿಕೊಳ್ಳಬೇಕಾದ ಜಾಗ ನಮ್ಮದು. ಹತ್ತಿರದ್ದು, ಎರಡೂ ಶಾಲೆಗಳು ಮೂರು ವರ್ಷ ಬಳಸಿದ್ದು, ಯಾವ ಆಡಳಿತದ ಕಡತದಲ್ಲೂ ದೂರಿಲ್ಲದ್ದು. ಕೆಳಗೆ ಎರಡು ಸಹಿ.

ಆಗ ಅವನ ಟ್ಯಾಂಕರಿನ ಬದಿ ನನ್ನ ಕಣ್ಣಿಗೆ ಬಿತ್ತು. ಹೊಸ ಬಣ್ಣದಲ್ಲಿ ಗುಜರಾತಿಯಲ್ಲಿ ಅಮ್ಮನ ಹೆಸರು ಬರೆಸಿದ್ದರು, ಸ್ವರ್ಗೀಯ ಜಯಂತಿಬೆನ್ ಜಲಸೇವೆ ಎಂದು. ಒಂದು ಪಕ್ಕದಲ್ಲಿ ನಗರಪಾಲಿಕೆಯ ಹೆಸರು, ಇನ್ನೊಂದು ಪಕ್ಕದಲ್ಲಿ ಪಂಚಾಯಿತಿಯದು. ನನಗೆ ಸಂತೋಷವಾಗಲಿ ಎಂದು ಮಾಡಿಸಿದ್ದಂತೆ. ಅದು ನಿಜವೇ ಇರಬೇಕು, ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

ಕೊಡುವುದಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಚೀಫ್ ಆಫೀಸರೂ ಸರಪಂಚರೂ ಒಂದೇ ಜೀಪಿನಲ್ಲಿ ಬಂದಿಳಿದರು. "ಎರಡೇ ತಿಂಗಳು ಅಣ್ಣಾ. ನಿಮ್ಮ ಮಗಳು ಕಾಲೇಜಿನಲ್ಲಿ ಮಾಡಿದ ನೀರಿನ ಪರೀಕ್ಷೆ ನಂಬಿ ನಾವು ಶಾಲೆ ನಿಲ್ಲಿಸಲು ಆಗುತ್ತದೆಯೇ?" ಎಂದು ಚೀಫ್ ಆಫೀಸರ್ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು. ಸರಪಂಚರು ಹೆಗಲ ಮೇಲೆ ಕೈ ಹಾಕಿದರು. "ಈ ನೀರು ಕುಡಿದು ಇವತ್ತಿನವರೆಗೆ ಯಾರಾದರೂ ಸತ್ತಿದ್ದಾರೆಯೇ? ಒಬ್ಬರ ಹೆಸರು ಹೇಳಿ ನೋಡೋಣ" ಎಂದರು. ಡ್ರೈವರ್ ಪೈಪು ಹಿಡಿದುಕೊಂಡು ಮೋಟಾರಿನ ಕಡೆ ಹೆಜ್ಜೆ ಹಾಕಿದ್ದ. ಹಂಸಾಬೆನ್ ಮತ್ತು ದಿನುಭಾಯಿ ಅವನಿಗೆ ಅಡ್ಡ ನಿಂತರು. ಜೀಪಿನಲ್ಲಿ ಜೊತೆಗೆ ಬಂದಿದ್ದ ಆಳುಗಳು ಅವರನ್ನು ಪಕ್ಕಕ್ಕೆ ಸರಿಸಿದರು.

ಆಗ ನಾನು ಹೇಳಿದೆ. ನನಗೆ ಕೇಳಿಸುವುದಿಲ್ಲವಲ್ಲ, ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ. ರಸ್ತೆಯವರೆಗೆ ಕೇಳಿಸಿತು ಎಂದು ರಾಘವ ಆಮೇಲೆ ಹೇಳಿದ. "ಜಯಂತಿ ಸತ್ತಳು. ಈ ನೀರು ಕುಡಿದೇ ಸತ್ತಳು. ಡಾಕ್ಟರು ಹೇಳಿದ್ದಾರೆ" ಎಂದೆ.

ಯಾವ ಡಾಕ್ಟರೂ ಹೇಳಿಲ್ಲ. ನಿನಗೆ ಗೊತ್ತು.

ಆಮೇಲೆ ಅವತ್ತು ನನ್ನನ್ನು ಬೈದಿದ್ದ ತಾಯಿಯೊಬ್ಬಳು ಬಂದು ಮಗಳ ಕೈ ಹಿಡಿದು ಎಳೆದುಕೊಂಡು ಹೋದಳು. ಇನ್ನೊಬ್ಬಳು ಹೋದಳು. ಎಲ್ಲರೂ ಹೋದರು. ನನ್ನನ್ನು ತಿರುಗಿ ನೋಡಿದವರ ಕಣ್ಣಿನಲ್ಲಿ ಏನಿತ್ತು ಎಂದು ಬರೆಯಲಾರೆ. ಮೂರು ವರ್ಷ ಅವರ ಮಕ್ಕಳಿಗೆ ನನ್ನ ಕೈಯಿಂದಲೇ ಕುಡಿಸಿದ್ದೇನಲ್ಲ. ಟ್ಯಾಂಕರ್ ಖಾಲಿಯಾಗಿಯೇ ಹೋಯಿತು. ಇಷ್ಟು ಜನರ ಎದುರು ಸಾವಿನ ಮಾತು ಬಂದ ಮೇಲೆ ಸುಮ್ಮನಿರಲಾಗದು, ನೀರು ಪರೀಕ್ಷೆಗೆ ಜಂಟಿಯಾಗಿ ಬರೆಯಬೇಕಾಗುತ್ತದೆ ಎಂದು ಚೀಫ್ ಆಫೀಸರ್ ಜೀಪು ಹತ್ತುವಾಗ ಸರಪಂಚರಿಗೆ ಹೇಳುತ್ತಿದ್ದರಂತೆ. ರಾಘವ ಕೇಳಿಸಿಕೊಂಡ. ಬರೆಯುತ್ತಾರೋ ಇಲ್ಲವೋ ದೇವರೇ ಬಲ್ಲ. ಹಂಸಾಬೆನ್‌ಗೆ ಮಧ್ಯಾಹ್ನವೇ ಅಮಾನತಿನ ಆದೇಶ ಬಂತು, ದಿನುಭಾಯಿಗೆ ದೂರದ ಕಚ್ಛಿಗೆ ವರ್ಗ.

ಮನು, ನನಗೆ ನಿದ್ದೆ ಊಟ ಏನೂ ಬೇಡವಾಗಿದೆ. ನಾನು ಹೇಳಿದ್ದು ಸುಳ್ಳಾದರೆ, ಸತ್ತವಳ ಸಾವನ್ನು ಮುಂದಿಟ್ಟು ಊರನ್ನೇ ಹೆದರಿಸಿದವನಾದೆ. ಹೆದರಿದವರು ನಾಳೆ ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ. ನಿಜವಾದರೆ, ಅವಳನ್ನು ಕೊಂದ ನೀರನ್ನೇ ಅವಳ ಹೆಸರು ಹಾಕಿ ಇನ್ನೂರು ಮುನ್ನೂರು ಮಕ್ಕಳಿಗೆ ಕೊಟ್ಟವನಾದೆ. ನಿನಗೂ ಕೊಟ್ಟೆ. ಆ ಬೋರಿನ ನೀರನ್ನೇ ಕುಡಿದು ನೀನು ಕಾಲೇಜು ಸೇರಿದವಳು, ಅದು ನನಗೆ ಇವತ್ತು ಅಂಗಳದಲ್ಲಿ ನಿಂತಾಗ ಹೊಳೆಯಿತು. ನಿನಗೆ ಮೊದಲ ದಿನವೇ ಹೊಳೆದಿರಬೇಕು. ಹೇಳಲಿಲ್ಲ ನೀನು.

ಪುಸ್ತಕದಲ್ಲಿ ಏನಿದೆಯೋ ಹಾಗೇ ಬರೆ, ನನ್ನನ್ನು ನೋಯಿಸಬಾರದು ಎಂದು ಏನನ್ನೂ ಬಿಡಬೇಡ. ದೇವರ ಮುಂದೆ ಕೂತರೆ ಏನು ಬೇಡಿಕೊಳ್ಳಬೇಕು ಎಂದೇ ನನಗೆ ತಿಳಿಯುತ್ತಿಲ್ಲ. ನಾನು ಹೇಳಿದ್ದು ಸುಳ್ಳಾಗಲಿ ಎಂದೋ, ನಿಜವಾಗಲಿ ಎಂದೋ?

ಅಪ್ಪ